ವ್ಯಾಕರಣದಿಂದ ಹುಟ್ಟಿದ ಗಣಕಭಾಷೆ: ಪ್ರೊಲಾಗ್ ಮತ್ತು ಸಂಶೋಧಕರ ಪಾತ್ರ

ಸಾರಾಂಶ: ಬಳಕೆಯಲ್ಲಿ ನೆಲೆನಿಲ್ಲುವ ಪ್ರೋಗ್ರಾಮಿಂಗ್ ಭಾಷೆಗಳ ನಿರ್ಮಾಣದಲ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಪಾಲೇನು ಎಂಬುದನ್ನು ಪ್ರೊಲಾಗ್‌ನ ಚರಿತ್ರೆಯ ಮೂಲಕ ಇಲ್ಲಿ ಪರಿಶೀಲಿಸಿದ್ದೇವೆ. ಸಿದ್ಧಾಂತ, ಭಾಷಾಸಮಸ್ಯೆ ಮತ್ತು ಸಾಧನನಿರ್ಮಾಣ ಎಂಬ ಮೂರು ಬಗೆಯ ದುಡಿಮೆ ಕೂಡಿದ್ದರಿಂದ ಅದು ನೆಲೆಗೊಂಡಿತೆಂಬುದು ನಮ್ಮ ವಾದ. ಕನ್ನಡದ ಷಷ್ಠೀ ಸರಣಿಯೊಂದರ ಮೂಲಕ ಅದರ ಮಿತಿಯನ್ನೂ ವಿವರಿಸಿದ್ದೇವೆ.

1. ಹಿನ್ನೆಲೆ

ಭಾಷಾವಿಜ್ಞಾನಿಗಳಾದ ನಾವು ಪ್ರೋಗ್ರಾಮಿಂಗ್ ಭಾಷೆಗಳನ್ನು ಬೇರೆಯವರು ಮಾಡಿಕೊಟ್ಟ ಸಾಧನಗಳೆಂದೇ ಸಾಮಾನ್ಯವಾಗಿ ಭಾವಿಸುತ್ತೇವೆ. ಪ್ರೊಲಾಗ್‌ನ ಹುಟ್ಟು ಈ ಭಾವನೆಯನ್ನು ತಿದ್ದುತ್ತದೆ. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೋಲ್ಮೆರೋಯರ್ ಮತ್ತು ಫಿಲಿಪ್ ರೂಸೆಲ್ ಅವರು ಹೊಸ ಗಣಕಭಾಷೆಯೊಂದನ್ನು ಕಟ್ಟಲೆಂದು ಹೊರಟವರಲ್ಲ. ಫ್ರೆಂಚ್ ವಾಕ್ಯಗಳನ್ನು ಗ್ರಹಿಸಿ, ಅವುಗಳಿಂದ ತರ್ಕಿಸಿ, ಫ್ರೆಂಚಿನಲ್ಲಿಯೇ ಉತ್ತರಿಸುವ ವ್ಯವಸ್ಥೆಯೊಂದು ಅವರ ಗುರಿಯಾಗಿತ್ತು. ಅದಕ್ಕೆ ಮುನ್ನ ಕೋಲ್ಮೆರೋಯರ್ ಮಾಂಟ್ರಿಯಲ್‌ನಲ್ಲಿ ಯಂತ್ರಾನುವಾದಕ್ಕಾಗಿ ಕ್ಯೂ-ಸಿಸ್ಟಮ್ಸ್ ಎಂಬ ನಿಯಮಪದ್ಧತಿಯನ್ನು ರೂಪಿಸಿದ್ದರು. ಹವಾಮಾನ ವರದಿಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ಅನುವಾದಿಸಿದ ಮೆಟಿಯೊ ವ್ಯವಸ್ಥೆ ಮುಂದೆ ಅದರ ಮೇಲೆಯೇ ನಿಂತಿತು.

1972ರ ಫ್ರೆಂಚ್ ವ್ಯವಸ್ಥೆಗೆ ಒಬ್ಬ ಮನೋವೈದ್ಯನನ್ನು ಕುರಿತ ಕೆಲವು ವಾಕ್ಯಗಳನ್ನು ಕೊಟ್ಟರೆ, ಅವನೆಲ್ಲಿದ್ದಾನೆ ಎಂಬ ಪ್ರಶ್ನೆಗೆ ಊರನ್ನು ಹೇಳುತ್ತಿತ್ತು. ಅವನು ಅಸ್ವಸ್ಥನೇ ಎಂದು ಕೇಳಿದರೆ ತನಗೆ ತಿಳಿಯದೆಂದು ಉತ್ತರಿಸುತ್ತಿತ್ತು. ಪ್ರೊಲಾಗ್ ರೂಪುಗೊಂಡುದು ಈ ಕೆಲಸದ ಅಗತ್ಯದಿಂದ.

2. ಮೂರು ದುಡಿಮೆಗಳು

ಮೊದಲನೆಯದು ಸಿದ್ಧಾಂತ. ಎಡಿನ್‌ಬರೊದಲ್ಲಿದ್ದ ರಾಬರ್ಟ್ ಕೊವಾಲ್ಸ್ಕಿ 1971 ಮತ್ತು 1972ರ ಬೇಸಿಗೆಗಳಲ್ಲಿ ಮಾರ್ಸೇಗೆ ಬಂದು ಚರ್ಚಿಸಿದರು. ‘ಖ ಮತ್ತು ಗ ಸತ್ಯವಾದರೆ ಕ ಸತ್ಯ’ ಎಂಬ ತಾರ್ಕಿಕ ಹೇಳಿಕೆಯನ್ನು ‘ಕ-ವನ್ನು ಸಾಧಿಸಲು ಖ-ವನ್ನೂ ಗ-ವನ್ನೂ ಸಾಧಿಸು’ ಎಂಬ ಕಾರ್ಯವಿಧಾನವಾಗಿಯೂ ಓದಬಹುದೆಂಬ ಒಳನೋಟ ಅವರದು. ಎರಡನೆಯದು ಫ್ರೆಂಚ್ ಭಾಷೆ ಒಡ್ಡಿದ ಸಮಸ್ಯೆ. ಮೂರನೆಯದು ಸಾಧನನಿರ್ಮಾಣ. 1977ರಲ್ಲಿ ಡೇವಿಡ್ ವಾರೆನ್ ಎಡಿನ್‌ಬರೊದಲ್ಲಿ ಡಿಇಸಿ-10 ಗಣಕಕ್ಕಾಗಿ ಕಟ್ಟಿದ ಕಂಪೈಲರ್, ವೇಗದಲ್ಲಿ ಪ್ರೊಲಾಗನ್ನು ಲಿಸ್ಪ್‌ನೊಡನೆ ಹೋಲಿಸಬಹುದೆಂದು ತೋರಿಸಿತು. 1983ರಲ್ಲಿ ಅವರು ವಿವರಿಸಿದ ಅಮೂರ್ತ ಯಂತ್ರ ಮುಂದಿನ ಅನೇಕ ಅನುಷ್ಠಾನಗಳಿಗೆ ಮಾದರಿಯಾಯಿತು. 1995ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ಬಂದಿತು. ದೂರವಾಣಿ ಉದ್ಯಮದಲ್ಲಿ ಹುಟ್ಟಿದ ಅರ್ಲಾಂಗ್ ಭಾಷೆಯ ಮೊದಲ ಅನುಷ್ಠಾನ ಪ್ರೊಲಾಗ್‌ನಲ್ಲಿಯೇ ಆಗಿತ್ತು.

3. ವ್ಯಾಕರಣವೇ ಕ್ರಮವಿಧಿ

ಫರ್ನಾಂಡೊ ಪೆರೇರಾ ಮತ್ತು ವಾರೆನ್ 1980ರಲ್ಲಿ ನಿರೂಪಿಸಿದ ನಿಶ್ಚಿತ ವಾಕ್ಯಖಂಡ ವ್ಯಾಕರಣದಲ್ಲಿ ವ್ಯಾಕರಣನಿಯಮವೇ ಪ್ರೊಲಾಗ್ ನಿಯಮವಾಗುತ್ತದೆ. ಕನ್ನಡದ ಕರ್ತೃ–ಕ್ರಿಯಾ ಹೊಂದಾಣಿಕೆಯನ್ನು ಹೀಗೆ ಬರೆಯಬಹುದು:

ವಾಕ್ಯ → ನಾಮಗುಚ್ಛ(ಲಿಂಗ, ವಚನ), ಕ್ರಿಯಾಗುಚ್ಛ(ಲಿಂಗ, ವಚನ)

ಎರಡು ಕಡೆಯೂ ಒಂದೇ ಚರಾಂಶವಿರುವುದರಿಂದ ಅವುಗಳ ಬೆಲೆಗಳು ಏಕೀಭವಿಸಲೇಬೇಕು. ‘ಹುಡುಗ ಬಂದನು’, ‘ಹುಡುಗಿ ಬಂದಳು’ ಸಿದ್ಧಿಸುತ್ತವೆ. ‘*ಹುಡುಗ ಬಂದಳು’ ಸಿದ್ಧಿಸುವುದಿಲ್ಲ. ಪ್ರತಿ ಲಿಂಗಕ್ಕೂ ಬೇರೆ ನಿಯಮ ಬೇಕಿಲ್ಲ.

4. ಮಿತಿ

‘ರಾಮನ ತಂಗಿಯ ಮಗನ ಮನೆ’ ಎಂಬ ಸರಣಿಯನ್ನು ನೋಡೋಣ. ಇದಕ್ಕೆ ಸಹಜವಾದ ನಿಯಮಗಳು ಎರಡು:

ನಾಮಗುಚ್ಛ → ಷಷ್ಠೀಗುಚ್ಛ, ನಾಮಪದ
ಷಷ್ಠೀಗುಚ್ಛ → ನಾಮಗುಚ್ಛ, ಷಷ್ಠೀಪ್ರತ್ಯಯ

ಪ್ರೊಲಾಗ್ ನಿಯಮಗಳನ್ನು ಎಡದಿಂದ ಬಲಕ್ಕೆ, ಆಳಕ್ಕಿಳಿಯುತ್ತ ಸಾಧಿಸುತ್ತದೆ. ನಾಮಗುಚ್ಛವನ್ನು ಹುಡುಕಲು ಷಷ್ಠೀಗುಚ್ಛ ಬೇಕು; ಅದನ್ನು ಹುಡುಕಲು ಮತ್ತೆ ನಾಮಗುಚ್ಛ ಬೇಕು. ನಡುವೆ ಒಂದು ಪದವೂ ಖರ್ಚಾಗದ ಕಾರಣ ಹುಡುಕಾಟ ಕೊನೆಗಾಣುವುದಿಲ್ಲ. ಒಡೆತನದ ಸರಣಿ ಬಲಕ್ಕೆ ಬೆಳೆಯುವ ಫ್ರೆಂಚಿನಲ್ಲಿ ಈ ರಚನೆ ತೊಡಕಾಗದು, ಏಕೆಂದರೆ ಅಲ್ಲಿ ಮುಖ್ಯ ನಾಮಪದ ಮೊದಲೇ ಸಿಗುತ್ತದೆ. ನಿಯಮಗಳನ್ನು ಬದಲಿಸಿ ಬರೆದು ಪಾರಾಗಬಹುದು ನಿಜ. ಆದರೆ ಆಗ ನಿಯಮ ತೋರುವ ರಚನೆಗೂ ನಾವು ಪ್ರತಿಪಾದಿಸುವ ಎಡಗವಲಿನ ರಚನೆಗೂ ಅಂತರ ಬೀಳುತ್ತದೆ.

ಇಲ್ಲಿ ತರ್ಕದ ದೋಷವಿಲ್ಲ. ವೇಗಕ್ಕಾಗಿ ಆಯ್ದುಕೊಂಡ ಅನುಷ್ಠಾನಕ್ರಮದ ಫಲವಿದು. ಪರಿಹಾರವೂ ವಿಶ್ವವಿದ್ಯಾಲಯದಿಂದಲೇ ಬಂದಿತು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಬೆಳೆದ ಎಕ್ಸ್‌ಎಸ್‌ಬಿ ವ್ಯವಸ್ಥೆ ನಡುವಣ ಫಲಿತಾಂಶಗಳನ್ನು ಕೋಷ್ಟಕದಲ್ಲಿ ಉಳಿಸಿಕೊಂಡು ಇಂಥ ಆವರ್ತನವನ್ನು ಕೊನೆಗಾಣಿಸುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಸ್‌ಡಬ್ಲ್ಯುಐ-ಪ್ರೊಲಾಗ್‌ನಲ್ಲಿಯೂ ಇಂದು ಈ ಸೌಲಭ್ಯವಿದೆ. ಮೇಲಿನ ಕನ್ನಡ ನಿಯಮಗಳನ್ನು ಈಗ ಬರೆದಂತೆಯೇ ನಡೆಸಬಹುದು.

5. ಸಮಾರೋಪ

ಈ ಚರಿತ್ರೆಯಲ್ಲಿ ಸಿದ್ಧಾಂತಿಯ ಹೆಸರು ಸುಲಭವಾಗಿ ನೆನಪಾಗುತ್ತದೆ. ಕಂಪೈಲರ್ ಕಟ್ಟಿದವರು, ದಶಕಗಳ ಕಾಲ ಅದನ್ನು ಪೋಷಿಸಿದವರು ಅಷ್ಟಾಗಿ ನೆನಪಾಗುವುದಿಲ್ಲ. ವಿಶ್ಲೇಷಕವೊಂದನ್ನು ಕಟ್ಟುವ ಕೆಲಸವನ್ನು ಪ್ರಬಂಧದ ಅನುಬಂಧವೆಂದು ಕಾಣುವ ರೂಢಿ ನಮ್ಮಲ್ಲೂ ಇದೆ. ಈ ರೂಢಿಯನ್ನು ಮರುಪರಿಶೀಲಿಸಬೇಕೆಂಬುದು ನಮ್ಮ ನಿಲುವು. ಸಾಧನದ ವಿನ್ಯಾಸದಲ್ಲಿ ಯಾವ ಭಾಷೆಯ ಸಮಸ್ಯೆ ಎದುರಿರುತ್ತದೆಯೋ ಆ ಭಾಷೆಯ ರಚನೆಗೆ ಸಾಧನ ಮೊದಲು ಒಗ್ಗುತ್ತದೆ. ಕನ್ನಡದಂಥ ಎಡಗವಲಿನ ಭಾಷೆಗಳ ಸಂಶೋಧಕರು ಸಾಧನನಿರ್ಮಾಣದಿಂದ ದೂರವುಳಿದರೆ, ತಮ್ಮ ವ್ಯಾಕರಣಗಳನ್ನು ಪರರ ಸಾಧನಗಳಿಗೆ ಹೊಂದುವಂತೆ ತಿದ್ದಿಕೊಳ್ಳುವ ಕೆಲಸವೇ ಅವರ ಪಾಲಿಗೆ ಉಳಿಯುತ್ತದೆ.