ಹಿರಿಯರು ಎಂಬ ಮಾತು

ಮಹಾಲಯ ಪಕ್ಷದಲ್ಲಿ ಒಂದು ಮನೆಯವರು ಪಿತೃಗಳಿಗೆ ಪಿಂಡಪ್ರದಾನ ಮಾಡುವರು. ಮಗ್ಗುಲ ಮನೆಯವರು ಹಿರಿಯರಿಗೆ ಎಡೆಯಿಡುವರು. ಭಾವವು ಒಂದೇ, ಮಾತು ಎರಡು. ಈ ಮಾತುಗಳ ಹುಟ್ಟನ್ನು ವಾಚಕರ ಮುಂದಿಡುವುದಕ್ಕೆ ನಮಗೊಂದು ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡುವೆವು.

ಪಿತೃ ಎಂಬುದು ಬಹು ದೊಡ್ಡ ಕುಟುಂಬಕ್ಕೆ ಸೇರಿದ ಶಬ್ದ. ಪಾರಸಿಯ ಪಿದರ್, ಲ್ಯಾಟಿನ್ನಿನ ಪಾತೆರ್, ಆಂಗ್ಲೇಯರ ಫಾದರ್ ಎಲ್ಲವೂ ಅದರ ದಾಯಾದಿಗಳೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದವೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರು. ಏಕವಚನದಲ್ಲಿ ಪಿತೃವೆಂದರೆ ತಂದೆ. ಬಹುವಚನದಲ್ಲಿ ಗತಿಸಿದ ಪೂರ್ವಜರು.

ಹಿರಿಯರು ಎಂಬುದಾದರೋ ಅಚ್ಚಗನ್ನಡ. ಹಳಗನ್ನಡದಲ್ಲಿ ಅದು ಪಿರಿಯರ್; ಪಿರಿದು ಎಂದರೆ ದೊಡ್ಡದು. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪಳ್ಳಿ ಹಳ್ಳಿಯಾದಂತೆಯೇ ಪಿರಿಯರು ಹಿರಿಯರಾದರು. ತಮಿಳರು ಇಂದಿಗೂ ಪಕಾರವನ್ನು ಬಿಡದೆ ಪೆರಿಯವರ್ ಎನ್ನುವರು. ಈ ಮಾತಿನ ಹಿರಿಮೆ ಎಲ್ಲಿದೆಯೆಂದರೆ, ಸತ್ತವರನ್ನೂ ಇದ್ದವರನ್ನೂ ಅದು ಬೇರ್ಪಡಿಸುವುದಿಲ್ಲ. ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವುದಿಲ್ಲ. ಜಗುಲಿಯ ಮೇಲೆ ಕುಳಿತಿರುವ ಅಜ್ಜಿಯೂ ಹಿರಿಯರೇ, ಎಡೆಗೆ ಬರುವ ಮುತ್ತಜ್ಜಿಯೂ ಹಿರಿಯರೇ. ಆದುದರಿಂದಲೇ ಎಡೆಯ ಬಳಿ ಪಂಚೆಯೊಡನೆ ಸೀರೆಯನ್ನೂ ಇಡುವುದು.

ಹಾಗೆಂದು ಸಂಸ್ಕೃತವನ್ನು ದೂಷಿಸಲಾಗದು. ಪಿತರೌ ಎಂಬ ದ್ವಿವಚನವು ತಾಯಿತಂದೆಗಳಿಬ್ಬರಿಗೂ ಸಲ್ಲುವುದೆಂದು ಪಾಣಿನಿಯೇ ವಿಧಿಸಿದ್ದಾನೆ. ತರ್ಪಣದಲ್ಲಿ ಮಾತೃ, ಪಿತಾಮಹಿ, ಪ್ರಪಿತಾಮಹಿಯರಿಗೂ ನೀರುಂಟು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಸಪಿಂಡರೆಂದರೆ ಒಂದು ದೇಹದ ಅಂಶಗಳನ್ನು ಹಂಚಿಕೊಂಡವರೆಂದೂ, ಆ ಅಂಶವು ತಾಯಿಯಿಂದಲೂ ಬರುವುದೆಂದೂ ಹೇಳಿದನು. ಆದರೂ ಆ ಗ್ರಂಥದ ಆಧಾರದ ಮೇಲೆ ನಡೆದುಬಂದ ನ್ಯಾಯದಲ್ಲಿ ಅವಿಭಕ್ತ ಕುಟುಂಬದ ಸ್ವತ್ತಿಗೆ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದೇ ಆಯಿತು.

ಇನ್ನು ನಮ್ಮ ಕಾರಣಕ್ಕೆ ಬರುವೆವು. ವಿಭಾಗಪತ್ರಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ಪಿತ್ರಾರ್ಜಿತ ಸ್ವತ್ತು ಎಂದು ಬರೆಯುವುದು ರೂಢಿ. ಅಕ್ಷರಶಃ ನೋಡಿದರೆ ಅದು ತಂದೆಯು ಗಳಿಸಿದ್ದು. ಕಾನೂನಿನಲ್ಲಾದರೋ ತಂದೆಯು ತಾನೇ ಗಳಿಸಿದ್ದು ಅವನ ಸ್ವಯಾರ್ಜಿತ. ಅವನಿಗಿಂತ ಹಿಂದಿನಿಂದ ಇಳಿದುಬಂದದ್ದೇ ಪಿತ್ರಾರ್ಜಿತ! ಹೇಳಬೇಕಾದುದಕ್ಕೆ ವಿಪರೀತವಾದುದನ್ನು ಹೇಳುವ ಮಾತನ್ನು ಕಚೇರಿಗಳು ಇಷ್ಟು ಆದರದಿಂದ ಕಾಪಾಡಿಕೊಂಡಿರುವುದು ಸೋಜಿಗವೇ ಸರಿ.

ಸೋಜಿಗದಿಂದ ಯಾರಿಗೂ ನಷ್ಟವಿಲ್ಲದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿಯೇ ಸಮಭಾಗವನ್ನು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಮದುವೆಯಾದವರೆಂಬ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆಯು ಬದುಕಿರಬೇಕೆಂಬ ನಿರ್ಬಂಧವೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಆದರೂ ಹಬ್ಬಕ್ಕೆ ತವರಿಗೆ ಬಂದ ತಂಗಿಗೆ ಅರಿಸಿನ ಕುಂಕುಮ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಮಾಡಿಸಿಕೊಳ್ಳುವ ಅಣ್ಣಂದಿರಿಗೆ ನಮ್ಮಲ್ಲಿ ಬರಗಾಲವಿಲ್ಲ. “ಇದು ಅಪ್ಪನ ಕಡೆಯದಮ್ಮಾ, ಪತ್ರದಲ್ಲಿಯೇ ಇದೆಯಲ್ಲ” ಎನ್ನುವುದಕ್ಕೆ ಪಿತ್ರಾರ್ಜಿತ ಎಂಬ ಪದವು ಅವರಿಗೆ ಒದಗಿಬರುತ್ತದೆ. ಮೂವತ್ತು ವರ್ಷ ಆ ಗದ್ದೆಯಲ್ಲಿ ನಾಟಿ ಮಾಡಿದ ಅಜ್ಜಿಯು ಎಡೆಯ ಹೊತ್ತಿಗೆ ಹಿರಿಯರು. ಪಾಲಿನ ಹೊತ್ತಿಗೆ ಯಾರೂ ಅಲ್ಲ.

ಪತ್ರಬರಹಗಾರ ಮಹಾಶಯರು ಮುಂದಿನ ವಿಭಾಗಪತ್ರದಲ್ಲಿ ‘ಹಿರಿಯರಿಂದ ಬಂದ ಸ್ವತ್ತು’ ಎಂದು ಬರೆದು ನೋಡಲಿ. ಮೂರು ಅಕ್ಷರ ಹೆಚ್ಚಾದೀತು; ಅದಕ್ಕಾಗಿ ಛಾಪಾ ಕಾಗದದ ಬೆಲೆಯೇನೂ ಏರುವುದಿಲ್ಲ.