ಅಂಬಾರಿಯ ಮೇಲೆ ಸೂಜಿ

ಜಡಿಮಳೆ ಹಿಡಿದ ಆಷಾಢದ ಮಧ್ಯಾಹ್ನ. ಮಗುವಿನ ಅಂಗಿಯ ಗುಂಡಿ ಕಿತ್ತುಹೋಗಿದೆಯೆಂದು ಗೃಹಿಣಿ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತೆರೆಯುತ್ತಾಳೆ. ದಾರದ ಉಂಡೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕತ್ತರಿ ತಳ ಸೇರಿದೆ. ಸೂಜಿ ಸಿಕ್ಕಿದರೂ ಅದರ ಮೈಯೆಲ್ಲ ತುಕ್ಕು. ಬಿಳಿಯ ಬಟ್ಟೆಯೊಳಗೆ ಅದನ್ನು ನುಗ್ಗಿಸಿದರೆ ಗುಂಡಿಯ ಬುಡದಲ್ಲಿ ಕಂದು ಕಲೆ ಉಳಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಮನೆಯ ಕಥೆಯಿದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮಿಗಿಲು. ಹೊಸನಗರದ ಹುಲಿಕಲ್ಲು ಅದಕ್ಕೆ ಪೈಪೋಟಿ ನೀಡುವ ಊರು. ಉಪ್ಪು ನೀರಾಗುವ ಇಂಥ ಹವೆಯಲ್ಲಿ ಉಕ್ಕಿನ ಸೂಜಿಯ ಪಾಡನ್ನು ಕೇಳುವುದೇನು?

ಈ ಸಣ್ಣ ಸಂಕಟಕ್ಕೆ ಒಂದು ಆನೆ ಪರಿಹಾರವಾಗಬಲ್ಲದೆಂದರೆ ನಗು ಬರಬಹುದು. ಆದರೆ ಇಂದು ಜಗತ್ತಿನ ಮಕ್ಕಳೆಲ್ಲ ಅಪ್ಪಿಕೊಂಡು ಮಲಗುವ ಮೆತ್ತನೆಯ ಬೊಂಬೆಗಳ ವಂಶದಲ್ಲಿ ಹೆಸರಾಂತ ಮೊದಲಿಗನೊಬ್ಬ ಸೂಜಿ ಚುಚ್ಚುವುದಕ್ಕೆಂದೇ ಹುಟ್ಟಿದ ಆನೆ. ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ 1847ರಲ್ಲಿ ಜನಿಸಿದ ಮಾರ್ಗರೆಟೆ ಸ್ಟೈಫ್ ಒಂದೂವರೆ ವರ್ಷದ ಕೂಸಾಗಿದ್ದಾಗಲೇ ಪೋಲಿಯೊ ಬೇನೆಗೆ ತುತ್ತಾಗಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡಳು. ಬಲಗೈಯೂ ಸರಿಯಾಗಿ ಏಳುತ್ತಿರಲಿಲ್ಲ. ಹೊಲಿಗೆಯ ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿಟ್ಟು, ಎಡಗೈಯಿಂದ ಚಕ್ರ ತಿರುಗಿಸಿ ಹೊಲಿದ ಛಲಗಾತಿ ಅವಳು. ಮಹಿಳೆಯರ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಆನೆಯ ನಮೂನೆಯನ್ನು ಕಂಡು, ಉಣ್ಣೆಯ ಬಟ್ಟೆಯಲ್ಲಿ ಕತ್ತರಿಸಿ, ಕುರಿಮರಿಯ ಉಣ್ಣೆ ತುಂಬಿ, 1880ರ ವೇಳೆಗೆ ಅವಳು ಸೂಜಿಮೆತ್ತೆಗಳನ್ನು ಸಿದ್ಧಪಡಿಸಿದಳು. ಹೆಂಗಸರಿಗೆಂದು ಮಾಡಿದ ಆನೆಗಳನ್ನು ಮಕ್ಕಳು ಎತ್ತಿಕೊಂಡು ಓಡಿದರು! 1886ರ ಹೊತ್ತಿಗೆ ವರ್ಷಕ್ಕೆ ಐದು ಸಾವಿರಕ್ಕೂ ಮಿಕ್ಕು ಆನೆಗಳು ಮಾರಾಟವಾದವು. ಮುಂದೆ ಹೆಸರಾದ ಕರಡಿಯ ಬೊಂಬೆ 1902ರಲ್ಲಿ ಅವಳ ಸೋದರನ ಮಗನ ಕೈಯಿಂದ ಮೂಡಿತು.

ನಮ್ಮವರಿಗೆ ಆನೆ ಹೊಸದೇನಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಸಕ್ರೆಬೈಲಿನಲ್ಲಿ ಅವು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ನೋಡದ ಮಕ್ಕಳು ವಿರಳ. ಜೊತೆಗೆ ಒಂದು ಸೌಕರ್ಯ ನಮಗುಂಟು: ನಮ್ಮ ಆನೆಗೆ ಜೂಲು ಹೊದಿಸಬಹುದು, ಅಂಬಾರಿ ಕಟ್ಟಬಹುದು. ಜೂಲಿನ ಇಕ್ಕೆಲದ ಜೇಬುಗಳಲ್ಲಿ ಕತ್ತರಿ, ಸೀಮೆಸುಣ್ಣ, ಅಳತೆಪಟ್ಟಿ, ಅಂಬಾರಿಯಲ್ಲಿ ಸೂಜಿ.

ಮೈಗೆ ದಪ್ಪನೆಯ ಕೈಮಗ್ಗದ ಬಟ್ಟೆ ಲೇಸು. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೆರೆಯ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ 1990ರ ದಶಕದಲ್ಲಿ ರೂಪುಗೊಂಡ ‘ಚರಕ’ ಮಹಿಳಾ ಸಹಕಾರ ಸಂಘ ಅಡಿಕೆಯ ಚೊಗರಿನಿಂದಲೇ ಬಟ್ಟೆಗೆ ಬಣ್ಣ ಕಟ್ಟಿ ಹೆಸರು ಪಡೆಯಿತು. ಆ ಕೆಂಗಂದು ಬಣ್ಣದ ಹಳೆಯ ಜುಬ್ಬವೊಂದು ಮನೆಯಲ್ಲಿದ್ದರೆ ಆನೆಗೆ ಬೇರೆ ಬಟ್ಟೆ ಹುಡುಕಬೇಕಾಗಿಲ್ಲ. ಎಂಟು ಅಂಗುಲ ಉದ್ದ, ಆರು ಅಂಗುಲ ಎತ್ತರದ ಆನೆಯನ್ನು ಕಾಗದದ ಮೇಲೆ ಬರೆದು ಎರಡು ಪಕ್ಕೆಗಳನ್ನು ಕತ್ತರಿಸಬೇಕು. ಒಳಗಾಲುಗಳ ಸಹಿತ ಹೊಟ್ಟೆಯ ಭಾಗ ಬೇರೆ. ಸುತ್ತ ಕಾಲಂಗುಲ ಹೊಲಿಗೆಗೆ ಬಿಡುವುದನ್ನು ಮರೆಯಬಾರದು. ಒಳಮಗ್ಗುಲಿನಿಂದ ಹೊಲಿದು, ಹೊಟ್ಟೆಯಲ್ಲಿ ಎರಡೂವರೆ ಅಂಗುಲ ತೆರೆದಿಟ್ಟು, ತಿರುವುಗಳಲ್ಲಿ ಅಂಚಿಗೆ ಸಣ್ಣ ಕಚ್ಚು ಕೊಟ್ಟು ಮಗುಚಬೇಕು. ಸೊಂಡಿಲು ಮಗುಚುವಾಗ ತಾಳ್ಮೆ ಪರೀಕ್ಷೆಗೆ ಬೀಳುತ್ತದೆ. ಮೊಂಡು ಪೆನ್ಸಿಲಿನ ನೆರವು ಪಡೆಯಬಹುದು.

ಇನ್ನು ಹೂರಣ. ಜಾಣತನವೆಲ್ಲ ಇಲ್ಲಿಯೇ ಇದೆ. ಸೊಂಡಿಲಿಗೆ, ಮೈಗೆ ಬೂರುಗದ ಹತ್ತಿ ಸಾಕು. ಕಾಲುಗಳಲ್ಲಿ ತೊಳೆದೊಣಗಿಸಿದ ಮರಳಿನ ಪುಟ್ಟ ಗಂಟುಗಳನ್ನಿಟ್ಟರೆ ಕತ್ತರಿಯ ಭಾರಕ್ಕೆ ಆನೆ ಮಗುಚಿಕೊಳ್ಳದು. ಅಂಬಾರಿಗೆ ಮಾತ್ರ ಉಮಿಯನ್ನಾಗಲಿ ಮರದ ಹೊಟ್ಟನ್ನಾಗಲಿ ತುಂಬಬಾರದು. ಮಳೆಗಾಲದಲ್ಲಿ ಅವು ತೇವ ಹೀರಿ ಸೂಜಿಗೆ ತುಕ್ಕು ಹಿಡಿಸುತ್ತವೆ. ಕುರಿಯ ಉಣ್ಣೆಯಲ್ಲಿ ಹುಟ್ಟಿನಿಂದಲೇ ಒಂದು ಬಗೆಯ ಜಿಡ್ಡಿದೆ. ಅದು ಉಕ್ಕಿಗೆ ಕಾವಲು. ಹಿಂದಿನ ಕಾಲದಲ್ಲಿ ಪಶ್ಚಿಮದ ಹೆಂಗಸರು ಇದೇ ಕಾರಣಕ್ಕೆ ಬಾಚಣಿಗೆಯಲ್ಲಿ ಉದುರಿದ ತಲೆಗೂದಲನ್ನೂ ಸೂಜಿಮೆತ್ತೆಗೆ ತುಂಬುತ್ತಿದ್ದರು. (ಕೂದಲು ಕೊಂಡು ಪಿನ್ನು ಕೊಡುವ ಅಲೆಮಾರಿ ಹೆಂಗಸರನ್ನು ನಮ್ಮ ಕನ್ನಡನಾಡೂ ಬಲ್ಲದು, ಕೂದಲಿಗೂ ಸೂಜಿಗೂ ನಂಟು ಹಳೆಯದು.) ಉಣ್ಣೆ ಬೇಕಾದರೆ ಸವೆದ ಕಂಬಳಿಯ ತುಂಡು ಒದಗುತ್ತದೆ. ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದಿರುವುದರಿಂದ ಅದನ್ನು ನೆನೆಸಿ ತೊಳೆದು, ಬೇಸಗೆಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಎಳೆ ಬಿಡಿಸಿ ತುರುಕಬೇಕು. ತೊಳೆದಾಗ ಜಿಡ್ಡು ಕೊಂಚ ಕಳೆಯುವುದು ನಿಜ. ಎರಡು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಸವರಿದರೆ ಆ ಕೊರತೆ ತುಂಬೀತು. ಆಷಾಢದವರೆಗೆ ಕಾದು ಕುಳಿತರೆ ಬಿಸಿಲು ಸಿಗದೆಂಬುದನ್ನು ಹೇಳಬೇಕಿಲ್ಲ.

ಜೂಲಿಗೆ ನಾಲ್ಕು ಅಂಗುಲ ಅಗಲ, ಹದಿನೈದು ಅಂಗುಲ ಉದ್ದದ ಪಟ್ಟಿ ಬೇಕು. ಎರಡು ತುದಿಗಳನ್ನೂ ಎರಡೂವರೆ ಅಂಗುಲ ಮೇಲಕ್ಕೆ ಮಡಿಸಿ ಬದಿ ಹೊಲಿದರೆ ಜೇಬುಗಳಾದವು. ಕತ್ತರಿಯ ಮೊನೆ ತಾಗುವ ತಳದಲ್ಲಿ ಕಂಬಳಿಯ ಚೂರನ್ನು ಒಳಗಿಟ್ಟು ಹೊಲಿಯುವುದು ಕ್ಷೇಮ. ಬಾಲವನ್ನು ದಾರದಿಂದ ಜಡೆಯಾಗಿ ಹೆಣೆದರೆ ಸೇಫ್ಟಿಪಿನ್ನುಗಳು ಅದರಲ್ಲಿ ನೇತಾಡಿಕೊಂಡಿರುತ್ತವೆ.

ಅಂಬಾರಿಯನ್ನು ಬೆನ್ನಿಗೆ ಹೊಲಿದುಬಿಡಬಾರದು. ಜೂಲಿಗೆ ಗುಂಡಿ ಹಾಕಿ ಸಿಕ್ಕಿಸಬೇಕು. ಹೀಗಾದರೆ ಕೆಲಸ ಮುಗಿದೊಡನೆ ಸೂಜಿಗಳನ್ನು ಎಣಿಸಿ, ಅಂಬಾರಿಯನ್ನಷ್ಟೇ ಬಿಚ್ಚಿ ನಾಗಂದಿಗೆಯ ಮೇಲಿಡಬಹುದು. ನೆಲದಲ್ಲಿ ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಕಳೆದ ಸೂಜಿಗಿಂತ ದೊಡ್ಡ ಭಯ ಮತ್ತೊಂದಿಲ್ಲ. ಆದರೆ ಗೀಂಗೆನ್ನಿನ ಮಕ್ಕಳಂತೆ ನಮ್ಮ ಮಕ್ಕಳೂ ಆನೆಯನ್ನು ಕಂಡರೆ ಬಿಡುವವರಲ್ಲ. ಆದುದರಿಂದ ಬಟ್ಟೆ ಕತ್ತರಿಸುವಾಗಲೇ ಎರಡು ಆನೆಗಳಿಗೆ ಕತ್ತರಿಸುವುದು ಒಳಿತು. ಎರಡನೆಯದಕ್ಕೆ ಮರಳು ಬೇಡ, ಗುಂಡಿ ಬೇಡ, ಅಂಬಾರಿಯೂ ಬೇಡ. ಕಣ್ಣುಗಳನ್ನು ದಾರದಲ್ಲಿಯೇ ಕಸೂತಿ ಹಾಕಿದರೆ ಸಾಕು.