ಪ್ಲಗ್ ತೆಗೆದರೂ ಶಾಕ್! ಮನೆಗೆ ಬರುವ ಎಸಿ ಮೆಕ್ಯಾನಿಕ್ ಕೆಲಸ ಎಷ್ಟು ಕಷ್ಟ ಗೊತ್ತಾ?

ಏಪ್ರಿಲ್, ಮೇ ಬಂತೆಂದರೆ ಮುಂಬೈ, ಚೆನ್ನೈ, ದೆಹಲಿಯಲ್ಲಿ ಎಸಿ ಮೆಕ್ಯಾನಿಕ್‌ಗಳಿಗೆ ಬಿಡುವೇ ಇರುವುದಿಲ್ಲ. ಬೆನ್ನಿಗೆ ಟೂಲ್ ಬ್ಯಾಗ್, ಬೈಕ್ ಹಿಂದೆ ಗ್ಯಾಸ್ ಸಿಲಿಂಡರ್. ಒಂದು ಮನೆಯ ಕೆಲಸ ಮುಗಿಯುವ ಮೊದಲೇ ಇನ್ನೊಂದು ಮನೆಯ ಕರೆ.

ಹೆಚ್ಚು ಅಪಾಯ ಇರುವುದು ಹೊರಗಿನ ಯೂನಿಟ್ ಬಳಿ. ಎಷ್ಟೋ ಕಟ್ಟಡಗಳಲ್ಲಿ ಅದು ಕಿಟಕಿಯ ಆಚೆ, ಗೋಡೆಗೆ ಹೊಡೆದ ಕಬ್ಬಿಣದ ಸ್ಟ್ಯಾಂಡ್ ಮೇಲಿರುತ್ತದೆ. ಮಳೆಗೆ ತುಕ್ಕು ಹಿಡಿದ ಸ್ಟ್ಯಾಂಡ್ ಎಷ್ಟು ಭಾರ ತಡೆಯುತ್ತದೋ ನೋಡಿದರೆ ತಿಳಿಯದು. ಸೇಫ್ಟಿ ಬೆಲ್ಟ್ ಇದ್ದರೂ ಅದನ್ನು ಸಿಕ್ಕಿಸಲು ಗಟ್ಟಿ ಆಸರೆ ಬೇಕಲ್ಲ?

ಇನ್ನೊಂದು ಅಪಾಯ ಕೆಪಾಸಿಟರ್. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಡಿಸ್‌ಚಾರ್ಜ್ ಮಾಡದೆ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಈಗಿನ ಅನೇಕ ಎಸಿಗಳಲ್ಲಿರುವ ಆರ್-32 ಗ್ಯಾಸ್ ಹಳೆಯ ಆರ್-22ನಂತಲ್ಲ, ಬೆಂಕಿ ಹತ್ತಿಕೊಳ್ಳಬಲ್ಲದು. ಹಾಗಾಗಿ ಪೈಪ್‌ಗೆ ಬೆಸುಗೆ ಹಾಕುವ ಮುನ್ನ ಗ್ಯಾಸನ್ನು ಪೂರ್ತಿ ಹೊರತೆಗೆಯಲೇಬೇಕು.

‘ಗ್ಯಾಸ್ ಖಾಲಿಯಾಗಿದೆ’ ಎಂದರೆ ಗ್ರಾಹಕರಿಗೆ ಅನುಮಾನ. ಅದು ಪೂರ್ತಿ ತಪ್ಪೂ ಅಲ್ಲ. ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇರಬೇಕು. ಅದನ್ನು ಮುಚ್ಚದೆ ತುಂಬಿದರೆ ಮತ್ತೆ ಅದೇ ಕತೆ. ಆದರೆ ಸಣ್ಣ ಲೀಕ್ ಹುಡುಕಲು ಗಂಟೆಗಟ್ಟಲೆ ಬೇಕಾಗಬಹುದು. ಒಂದು ಕೆಲಸಕ್ಕೆ ಇಷ್ಟೆಂದು ದುಡ್ಡು ಪಡೆಯುವವನಿಗೆ ಆ ಹೊತ್ತಿನ ಕೂಲಿ ಕೊಡುವವರು ಯಾರು?

ಆ್ಯಪ್ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಕಾರ್ಮಿಕನಿಗೆ ನೀಡುವ ಮೊತ್ತದ ಮೇಲೆ ಕಂಪನಿ ಶೇ.1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಸ್ವಂತ ಫೋನ್ ನಂಬರ್ ನಂಬಿಕೊಂಡು ಮನೆಮನೆಗೆ ಹೋಗುವ ಮೆಕ್ಯಾನಿಕ್ ಮಾತ್ರ ಇದರ ವ್ಯಾಪ್ತಿಗೆ ಬರುವುದಿಲ್ಲ.